ಇಲ್ಲದ ಬುದ್ಧಿಹಲ್ಲಿಗೆ ಚಿಕಿತ್ಸೆ ಬೇಡ, ಇರುವ ಹಲ್ಲಿಗೆ ಕಾವಲು ಬೇಕು: ವಯಸ್ಸಿಗೆ ತಕ್ಕ ಸೂಚನೆಗಳು

ಕೆಲವರ ದವಡೆಯಲ್ಲಿ ಬುದ್ಧಿಹಲ್ಲು ಮೂಡುವುದೇ ಇಲ್ಲ. ಅದನ್ನು ಯಾರೂ ಕಿತ್ತಿರುವುದಿಲ್ಲ, ಅದು ಮೂಳೆಯೊಳಗೆ ಸಿಕ್ಕಿಹಾಕಿಕೊಂಡೂ ಇರುವುದಿಲ್ಲ. ಆ ಹಲ್ಲಿನ ಮೊಳಕೆಯೇ ಕಟ್ಟಿರುವುದಿಲ್ಲ. ಇದು ಅಪರೂಪದ ಸಂಗತಿಯಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜಗತ್ತಿನಲ್ಲಿ ಶೇ. 22ರಿಂದ 23ರಷ್ಟು ಜನರಿಗೆ ನಾಲ್ಕು ಬುದ್ಧಿಹಲ್ಲುಗಳಲ್ಲಿ ಒಂದಾದರೂ ಹುಟ್ಟಿನಿಂದಲೇ ಇರುವುದಿಲ್ಲ. ಏಷ್ಯಾದವರಲ್ಲಿ ಈ ಪ್ರಮಾಣ ಶೇ. 30ರ ಹತ್ತಿರವಿದ್ದರೆ ಆಫ್ರಿಕಾ ಮೂಲದವರಲ್ಲಿ ಶೇ. 6ರ ಆಸುಪಾಸಿನಲ್ಲಿದೆ. ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚು, ಕೆಳದವಡೆಗಿಂತ ಮೇಲ್ದವಡೆಯಲ್ಲಿ ಹೆಚ್ಚು.

ಈ ವಿಷಯದಲ್ಲಿ ಜನ ಎರಡು ಕಡೆ ತಪ್ಪುತ್ತಾರೆ. ಹಲ್ಲು ಇಲ್ಲವೆಂದು ತಿಳಿದೊಡನೆ ಹೆದರಿ, ಬೇಡದ ಪರೀಕ್ಷೆ, ಬೇಡದ ಖರ್ಚಿಗೆ ಬೀಳುವವರು ಒಂದು ಕಡೆ. ಬಾಯಲ್ಲಿ ಕಾಣದಿದ್ದರೆ ಇಲ್ಲವೇ ಇಲ್ಲ ಎಂದು ತಾವೇ ತೀರ್ಮಾನಿಸಿ, ಒಳಗೆ ಅಡಗಿರುವ ಹಲ್ಲನ್ನು ವರ್ಷಗಟ್ಟಲೆ ನಿರ್ಲಕ್ಷಿಸುವವರು ಇನ್ನೊಂದು ಕಡೆ. ಎರಡೂ ಬೇಡ. ಕೆಳಗಿನ ಸೂಚನೆಗಳನ್ನು ನಿಮ್ಮ ವಯಸ್ಸಿಗೆ, ನಿಮ್ಮ ಮನೆಯವರ ವಯಸ್ಸಿಗೆ ಹೊಂದಿಸಿ ಓದಿ, ಓದಿ ಪಾಲಿಸಿ.

ಎಲ್ಲ ವಯಸ್ಸಿನವರೂ ಮೊದಲು ತಿಳಿಯಬೇಕಾದ್ದು

ದೊಡ್ಡವರ ಬಾಯಲ್ಲಿ ಒಟ್ಟು 32 ಹಲ್ಲು. ಮೇಲೆ ಎರಡು, ಕೆಳಗೆ ಎರಡು, ಪ್ರತಿ ಸಾಲಿನ ತುತ್ತತುದಿಯ ದವಡೆಹಲ್ಲುಗಳೇ ಬುದ್ಧಿಹಲ್ಲುಗಳು. ದಂತವೈದ್ಯರು ಇವನ್ನು 18, 28, 38, 48 ಎಂಬ ಸಂಖ್ಯೆಗಳಿಂದ ಗುರುತಿಸುತ್ತಾರೆ. ಈ ನಾಲ್ಕೂ ಇಲ್ಲದವರಿಗೆ 28 ಹಲ್ಲು ಉಳಿಯುತ್ತವೆ. ರೊಟ್ಟಿ ಮುರಿಯಲು, ಮುದ್ದೆಯ ಜತೆಗಿನ ಸಾರಿನ ತರಕಾರಿ ನುರಿಸಲು, ಮಾತಿನ ಉಚ್ಚಾರಕ್ಕೆ, ಮುಖದ ಅಂದಕ್ಕೆ 28 ಹಲ್ಲು ಧಾರಾಳ ಸಾಕು.

ಬಾಯಲ್ಲಿ ಬುದ್ಧಿಹಲ್ಲು ಕಾಣದಿರುವುದಕ್ಕೆ ಕಾರಣ ನಾಲ್ಕು ಇರಬಹುದು: ಇನ್ನೂ ಬರುವ ವಯಸ್ಸಾಗಿಲ್ಲ, ಬೆಳೆದಿದ್ದರೂ ಮೂಳೆಯಲ್ಲೋ ಒಸಡಿನಡಿಯಲ್ಲೋ ಸಿಕ್ಕಿಕೊಂಡಿದೆ, ಹಿಂದೆ ಕೀಳಿಸಲಾಗಿದೆ, ಇಲ್ಲವೇ ಮೊಳಕೆಯೇ ಕಟ್ಟಿಲ್ಲ. ಕನ್ನಡಿ ಹಿಡಿದು ನೋಡಿದರೆ ಈ ನಾಲ್ಕರ ನಡುವಿನ ವ್ಯತ್ಯಾಸ ತಿಳಿಯದು. ವಯಸ್ಸು, ಹಿಂದಿನ ಚಿಕಿತ್ಸೆಯ ವಿವರ, ಎಕ್ಸ್‌ರೇ, ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ ವೈದ್ಯರೇ ಹೇಳಬೇಕು.

ಮಾಡಬೇಕಾದ್ದು:

1. ಹಿಂದೆ ಯಾವುದೇ ಕಾರಣಕ್ಕೆ ಹಲ್ಲಿನ ಎಕ್ಸ್‌ರೇ ತೆಗೆಸಿದ್ದರೆ ಅದನ್ನೇ ಮೊದಲು ವೈದ್ಯರಿಗೆ ತೋರಿಸಿ. ಎರಡು ದವಡೆಯನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿ ಇದ್ದರೆ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.
2. ಗರ್ಭಿಣಿಯಾಗಿದ್ದರೆ, ಆಗಿರುವ ಸಾಧ್ಯತೆಯಿದ್ದರೆ, ಎಕ್ಸ್‌ರೇಗೆ ಮುಂಚೆ ಬಾಯಿಬಿಟ್ಟು ಹೇಳಿ.

ಮಾಡಬಾರದ್ದು:

1. ಬರೀ ಕುತೂಹಲಕ್ಕೆ ಎಕ್ಸ್‌ರೇ ತೆಗೆಸಬೇಡಿ. ಒಂದು ಒಪಿಜಿಯ ವಿಕಿರಣ ಬಹಳ ಕಡಿಮೆ. ನಿಸರ್ಗದಿಂದ ನಮಗೆ ಕೆಲವು ದಿನಗಳಲ್ಲಿ ತಾನಾಗಿಯೇ ತಗಲುವಷ್ಟು. ಆದರೂ ಚಿಕಿತ್ಸೆಯ ತೀರ್ಮಾನ ಬದಲಿಸದ ಚಿತ್ರಕ್ಕೆ ಅಷ್ಟು ವಿಕಿರಣವೂ ದಂಡ.
2. ಹಲ್ಲು ಇದೆಯೋ ಇಲ್ಲವೋ ಎಂಬಷ್ಟನ್ನೇ ತಿಳಿಯಲು ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಕೇಳಬೇಡಿ. ಅದರ ವಿಕಿರಣ ಒಪಿಜಿಗಿಂತ ಎಷ್ಟೋ ಹೆಚ್ಚು.
3. ಇಲ್ಲದ ಬುದ್ಧಿಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಬೇಡಿ, ಕಟ್ಟುಹಲ್ಲು ಕೂರಿಸಬೇಡಿ. ಆ ಜಾಗ ತುಂಬಿಸಲೇಬೇಕಾದ ಖಾಲಿ ಅಲ್ಲ.

ಹುಟ್ಟಿನಿಂದ 6 ವರ್ಷದವರೆಗೆ

ಈ ವಯಸ್ಸಿನಲ್ಲಿ ಬುದ್ಧಿಹಲ್ಲಿನ ಪ್ರಶ್ನೆಯೇ ಏಳುವುದಿಲ್ಲ. ಮಗುವಿಗೆ 20 ಹಾಲುಹಲ್ಲು. ಅವುಗಳಲ್ಲಿ ಬುದ್ಧಿಹಲ್ಲು ಎಂಬುದೇ ಇಲ್ಲ. ಬುದ್ಧಿಹಲ್ಲಿನ ಮೊಳಕೆ ರೂಪುಗೊಳ್ಳುವುದು ಮಗು ಹುಟ್ಟಿ ವರ್ಷಗಳಾದ ಮೇಲೆ. ಉಳಿದ ಖಾಯಂ ಹಲ್ಲುಗಳು ಒಳಗೆ ಗಟ್ಟಿಯಾಗುತ್ತಿರುವಾಗ ಇದಿನ್ನೂ ಎಕ್ಸ್‌ರೇಗೆ ಕಾಣುವಷ್ಟೂ ಇರುವುದಿಲ್ಲ.

ಮಾಡಬೇಕಾದ್ದು:

1. ಮೊದಲ ಹಲ್ಲು ಮೂಡಿದ ದಿನದಿಂದಲೇ ಹಲ್ಲುಜ್ಜಿಸಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು.
2. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಖಾಯಂ ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅನೇಕ ತಂದೆತಾಯಿ ಇದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ ಹೇಗೂ ಬಿದ್ದು ಹೋಗುತ್ತದೆಂದು ಸುಮ್ಮನಿರುತ್ತಾರೆ. ಇದು ಬಿದ್ದರೆ ಮತ್ತೆ ಬರುವ ಹಲ್ಲಲ್ಲ. ಇದನ್ನು ಗುರುತಿಸಿ, ಕಾಪಾಡಿ.
3. ಹಾಲುಹಲ್ಲುಗಳೇ ಹಲವು ಇಲ್ಲದಿದ್ದರೆ, ಇರುವವು ಮೊನಚಾಗಿದ್ದರೆ, ಕೂದಲು ತೀರಾ ವಿರಳವಾಗಿದ್ದು ಮಗು ಬೆವರುವುದೇ ಕಡಿಮೆಯಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೂ ದಂತವೈದ್ಯರಿಗೂ ತೋರಿಸಿ. ಇದು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯ ಎಂಬ ಹುಟ್ಟುಸ್ಥಿತಿಯಿರಬಹುದು. ಬೆವರದ ಮಗುವಿಗೆ ಬೇಸಿಗೆಯ ಬಿಸಿಲೇ ಅಪಾಯ.

ಮಾಡಬಾರದ್ದು:

1. ಈ ವಯಸ್ಸಿನ ಮಗುವಿಗೆ ಬುದ್ಧಿಹಲ್ಲು ಬರುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಡಿ. ಯಾವ ಪರೀಕ್ಷೆಯೂ ಹೇಳಲಾರದು.
2. ಮುಂದೆಂದಾದರೂ ಬುದ್ಧಿಹಲ್ಲು ಇಲ್ಲವೆಂದು ತಿಳಿದರೆ ತಾಯಿಯ ಬಸುರಿನ ದಿನಗಳ ಊಟವನ್ನು, ಗ್ರಹಣವನ್ನು, ಯಾವುದೋ ಮಾತ್ರೆಯನ್ನು ದೂರಬೇಡಿ. ಹುಟ್ಟಿದ ಎಷ್ಟೋ ಕಾಲದ ಮೇಲೆ ಶುರುವಾಗುವ ಹಲ್ಲಿಗೆ ಬಸುರಿಯನ್ನು ಹೊಣೆ ಮಾಡುವುದು ಅನ್ಯಾಯ.

7ರಿಂದ 13 ವರ್ಷ: ಅವಸರದ ತೀರ್ಪು ಬೇಡ

ಅತಿ ಹೆಚ್ಚು ತಪ್ಪು ತೀರ್ಮಾನಗಳಾಗುವುದು ಈ ವಯಸ್ಸಿನಲ್ಲೇ. ಬುದ್ಧಿಹಲ್ಲಿನ ಮೊಳಕೆ ಸಾಮಾನ್ಯವಾಗಿ 8ರಿಂದ 10ನೇ ವಯಸ್ಸಿಗೆ ಎಕ್ಸ್‌ರೇಯಲ್ಲಿ ಕಾಣತೊಡಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ಒಂದೇ ಗಡಿಯಾರವಿಲ್ಲ. ಕೆಲವರಲ್ಲಿ 12, 13ನೇ ವಯಸ್ಸಿನವರೆಗೂ ಅದರ ಸುಳಿವಿರುವುದಿಲ್ಲ. ಆಮೇಲೆ ಸರಿಯಾಗಿಯೇ ಬೆಳೆಯುತ್ತದೆ. ಆದ್ದರಿಂದ 14ಕ್ಕೆ ಮುಂಚಿನ ಎಕ್ಸ್‌ರೇಯಲ್ಲಿ ಹಲ್ಲು ಕಾಣದಿದ್ದರೆ ‘ಇನ್ನೂ ಕಂಡಿಲ್ಲ’ ಎಂದಷ್ಟೇ ಬರೆಯಬೇಕು, ‘ಇಲ್ಲ’ ಎಂದು ಬರೆಯಬಾರದು.

ಮಾಡಬೇಕಾದ್ದು:

1. ಹುಳುಕಿನಿಂದ ಮೊದಲ ದವಡೆಹಲ್ಲು ಹಾಳಾಗಿ, ಅದನ್ನು ಕಿತ್ತರೆ ಹಿಂದಿನದು ಮುಂದೆ ಸರಿದು ಜಾಗ ತುಂಬುತ್ತದೆ ಎಂದು ವೈದ್ಯರು ಸಲಹೆ ಕೊಟ್ಟರೆ, ಮೊದಲು ಈ ಪ್ರಶ್ನೆ ಕೇಳಿ: ‘ಎಕ್ಸ್‌ರೇಯಲ್ಲಿ ಎರಡನೆಯ ದವಡೆಹಲ್ಲೂ ಬುದ್ಧಿಹಲ್ಲೂ ಕಾಣುತ್ತಿವೆಯೇ?’ 8ರಿಂದ 10ನೇ ವಯಸ್ಸಿನ ಸುಮಾರಿಗೆ ಯೋಜನೆ ಹಾಕಿ ಮಾಡುವ ಈ ಚಿಕಿತ್ಸೆಯಲ್ಲಿ ಹಿಂದಿನ ಹಲ್ಲುಗಳ ಲೆಕ್ಕ ಮುಖ್ಯ. ಹಿಂದೆ ಬುದ್ಧಿಹಲ್ಲು ಬಾರದಿದ್ದರೆ ಆ ಸಾಲಿನ ಆ ಪಕ್ಕದಲ್ಲಿ ಮಗುವಿಗೆ ಜೀವನಪೂರ್ತಿ ಒಂದೇ ದವಡೆಹಲ್ಲು ಉಳಿಯುತ್ತದೆ.
2. ಹೊಸದಾಗಿ ಬಂದ ದವಡೆಹಲ್ಲುಗಳ ಗೀರುಗಳಿಗೆ ಹುಳುಕು ತಡೆಯುವ ಸೀಲಂಟ್ ಲೇಪ ಹಚ್ಚಿಸುವುದರ ಬಗ್ಗೆ ದಂತವೈದ್ಯರನ್ನು ಕೇಳಿ. ಎರಡನೆಯ ದವಡೆಹಲ್ಲು ಬರುವ 12ನೇ ವಯಸ್ಸಿನಲ್ಲಿ ಮತ್ತೊಮ್ಮೆ ಕೇಳಿ.
3. ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರಿಗೆ ಕೀಮೋಥೆರಪಿ ಅಥವಾ ದವಡೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದ ಮಕ್ಕಳ ವಿಷಯವನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಿ. ಬೆಳೆಯುತ್ತಿರುವ ಹಲ್ಲಿನ ಮೊಳಕೆ ಆ ಚಿಕಿತ್ಸೆಯಿಂದ ನಿಂತುಹೋಗಿರಬಹುದು. ಇಂಥ ಮಕ್ಕಳ ಹಲ್ಲಿನ ಬೇರುಗಳೂ ಗಿಡ್ಡಗಿರಬಹುದು.

ಮಾಡಬಾರದ್ದು:

1. ‘ಹಿಂದೆ ಇನ್ನೊಂದು ಬರುತ್ತದಲ್ಲ’ ಎಂಬ ಭರವಸೆಯ ಮೇಲೆ ಮಗುವಿನ ಖಾಯಂ ಹಲ್ಲು ಕೀಳಿಸಬೇಡಿ.
2. ಒಂದು ಎಕ್ಸ್‌ರೇಯಲ್ಲಿ ಕಾಣಲಿಲ್ಲವೆಂದು ಆರು ತಿಂಗಳಿಗೊಮ್ಮೆ ಹೊಸ ಎಕ್ಸ್‌ರೇ ತೆಗೆಸಬೇಡಿ. ಮಗುವಿಗೆ ಬೇರೆ ಚಿಕಿತ್ಸೆಗೆ ಬೇಕಾದಾಗ ತೆಗೆದ ಚಿತ್ರದಲ್ಲೇ ಇದನ್ನೂ ನೋಡಬಹುದು.
3. ‘ನಿನಗೆ ಬುದ್ಧಿಹಲ್ಲು ಬರೋದಿಲ್ಲವಂತೆ, ಅದಕ್ಕೇ ಲೆಕ್ಕ ಬರಲ್ಲ’ ಎಂಬಂಥ ಮಾತು ಮಗುವಿನ ಮುಂದೆ ಆಡಬೇಡಿ. ದವಡೆಯ ಹಲ್ಲಿಗೂ ಮಿದುಳಿಗೂ ಸಂಬಂಧವಿಲ್ಲ. ಮಗು ಆ ಮಾತನ್ನು ನಂಬಿಬಿಡುತ್ತದೆ.

14ರಿಂದ 17 ವರ್ಷ: ಹಲ್ಲಿಗೆ ಕ್ಲಿಪ್ ಹಾಕಿಸುವ ಕಾಲ

14ರ ನಂತರದ ಒಪಿಜಿಯಲ್ಲೂ ಮೊಳಕೆಯ ಗುರುತಿಲ್ಲದಿದ್ದರೆ ಹಲ್ಲು ಬಾರದಿರುವ ಸಾಧ್ಯತೆಯೇ ಬಲವಾಗುತ್ತದೆ. ತಡವಾಗಿ ಮೂಡುವ ಉದಾಹರಣೆಗಳು ಇವೆ, ಆದರೆ ವಿರಳ. ಹಲ್ಲು ನೇರ ಮಾಡಿಸಲು ಮಕ್ಕಳು ಬರುವುದೂ ಇದೇ ಪ್ರಾಯದಲ್ಲಿ. ಹಾಗಾಗಿ ಬುದ್ಧಿಹಲ್ಲು ಇಲ್ಲದಿರುವ ಸಂಗತಿ ನಿಜವಾಗಿ ಉಪಯೋಗಕ್ಕೆ ಬರುವ ಕಾಲವೂ ಇದೇ.

ಮಾಡಬೇಕಾದ್ದು:

1. ಕ್ಲಿಪ್ ಹಾಕುವ ಮೊದಲು ಯಾವ ಯಾವ ಹಲ್ಲಿವೆ, ಯಾವುದಿಲ್ಲ ಎಂಬ ಪೂರ್ತಿ ಪಟ್ಟಿಯನ್ನು ವೈದ್ಯರಿಂದ ಬರೆಸಿಕೊಳ್ಳಿ. ಜಾಗಕ್ಕಾಗಿ ಹಲ್ಲು ಕೀಳಬೇಕೇ, ದವಡೆಹಲ್ಲುಗಳನ್ನು ಹಿಂದಕ್ಕೆ ತಳ್ಳಿದರೆ ಸಾಕೇ ಎಂಬ ತೀರ್ಮಾನಕ್ಕೆ ಈ ಪಟ್ಟಿ ಆಧಾರ. ಹಿಂದೆ ಬುದ್ಧಿಹಲ್ಲು ಇಲ್ಲದಿದ್ದರೆ ಹಿಂದಕ್ಕೆ ತಳ್ಳುವುದು ಕೆಲವೊಮ್ಮೆ ಸಲೀಸಾಗುತ್ತದೆ.
2. ಬೇರೆ ಹಲ್ಲುಗಳನ್ನೂ ಎಣಿಸಲು ಹೇಳಿ. ಬುದ್ಧಿಹಲ್ಲು ಇಲ್ಲದವರಲ್ಲಿ ಮತ್ತೊಂದೆರಡು ಖಾಯಂ ಹಲ್ಲು ಇಲ್ಲದಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮುಖ್ಯವಾಗಿ ನೋಡಬೇಕಾದ್ದು ಎರಡು ಜಾಗ: ಮೇಲ್ಸಾಲಿನ ನಡುವಿನ ಎರಡು ಬಾಚಿಹಲ್ಲುಗಳ ಪಕ್ಕದ ಚಿಕ್ಕ ಬಾಚಿಹಲ್ಲು, ಮತ್ತು ಕೆಳಸಾಲಿನಲ್ಲಿ ಮೊದಲ ದವಡೆಹಲ್ಲಿನ ಮುಂದಿನ ಸಣ್ಣ ದವಡೆಹಲ್ಲು.
3. ಬುದ್ಧಿಹಲ್ಲುಗಳನ್ನು ಬಿಟ್ಟು ಬೇರೆ ಆರು ಅಥವಾ ಅದಕ್ಕಿಂತ ಹೆಚ್ಚು ಖಾಯಂ ಹಲ್ಲು ಹುಟ್ಟಿನಿಂದಲೇ ಇಲ್ಲದಿದ್ದರೆ ಮಗುವನ್ನು ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಕ್ಕಳ ದಂತವಿಭಾಗ, ಹಲ್ಲು ನೇರ ಮಾಡುವ ವಿಭಾಗ, ಕೃತಕ ಹಲ್ಲಿನ ವಿಭಾಗ ಮೂರೂ ಕೂಡಿ ಯೋಜಿಸಬೇಕಾದ ಚಿಕಿತ್ಸೆ ಅದು.

ಮಾಡಬಾರದ್ದು:

1. ಬುದ್ಧಿಹಲ್ಲು ಮಾತ್ರ ಇಲ್ಲದ ಮಗುವಿಗೆ ಜೀನ್ ಪರೀಕ್ಷೆ ಮಾಡಿಸಬೇಡಿ. ಪ್ಯಾಕ್ಸ್9, ಎಂಎಸ್‌ಎಕ್ಸ್1, ಆಕ್ಸಿನ್2 ಮುಂತಾದ ಜೀನುಗಳಿಗೂ ಹಲ್ಲಿನ ಬೆಳವಣಿಗೆಗೂ ಸಂಬಂಧವಿರುವುದು ನಿಜ. ಆದರೆ ಪರೀಕ್ಷೆಯ ಫಲಿತಾಂಶ ಏನೇ ಬಂದರೂ ನಿಮ್ಮ ಮಗುವಿನ ಚಿಕಿತ್ಸೆ ಬದಲಾಗದು.
2. ಹಲ್ಲಿಲ್ಲದಿದ್ದರೆ ಕರುಳಿನ ಕ್ಯಾನ್ಸರ್ ಬರುತ್ತದೆಂಬ ಸುದ್ದಿಗೆ ಬೆದರಬೇಡಿ. ಆಕ್ಸಿನ್2 ಜೀನಿನ ದೋಷದಿಂದ ಹಲವು ಖಾಯಂ ಹಲ್ಲುಗಳಿಲ್ಲದ, ಕರುಳಿನ ಕ್ಯಾನ್ಸರಿಗೂ ತುತ್ತಾದ ಫಿನ್ಲೆಂಡಿನ ಒಂದು ಕುಟುಂಬದ ವರದಿ 2004ರಲ್ಲಿ ಬಂದಿತ್ತು. ಅದು ವಿರಳಾತಿವಿರಳ ಪ್ರಸಂಗ. ಬರೀ ಬುದ್ಧಿಹಲ್ಲು ಇಲ್ಲದ ಕೋಟ್ಯಂತರ ಆರೋಗ್ಯವಂತರಿಗೆ ಅದನ್ನು ಅನ್ವಯಿಸುವುದು ತಪ್ಪು.

18ರಿಂದ 25 ವರ್ಷ: ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ

ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 21ರ ನಡುವೆ ಒಸಡು ಸೀಳಿ ಹೊರಬರುತ್ತದೆ. ಕೆಲವರಲ್ಲಿ 25ರವರೆಗೂ ಹಿಡಿಯುತ್ತದೆ. ಒಂದೇ ಬಾಯಲ್ಲಿ ಒಂದು ಪೂರ್ತಿ ಬಂದು, ಇನ್ನೊಂದು ಅಡ್ಡ ಮಲಗಿ, ಮತ್ತೊಂದು ಹುಟ್ಟಿಯೇ ಇಲ್ಲದಿರಬಹುದು. ಒಂದೇ ರೂಪದ ಅವಳಿಗಳಲ್ಲೂ ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದಿರಬಹುದು.

ಮಾಡಬೇಕಾದ್ದು:

1. ದವಡೆಯ ತುದಿಯಲ್ಲಿ ಪದೇ ಪದೇ ಊತ, ಕೆಟ್ಟ ವಾಸನೆ, ಬಾಯಿ ತೆರೆಯಲು ಕಷ್ಟ, ನುಂಗುವಾಗ ನೋವು ಬಂದರೆ ‘ನನಗೆ ಬುದ್ಧಿಹಲ್ಲೇ ಇಲ್ಲ’ ಎಂದು ಸುಮ್ಮನಿರಬೇಡಿ, ತೋರಿಸಿ. ಒಸಡಿನಡಿ ಅರ್ಧ ಅಡಗಿದ ಹಲ್ಲಿನ ಸುತ್ತ ಕೀವಾಗಿರಬಹುದು.
2. ಕೆಳಗಿನ ಬುದ್ಧಿಹಲ್ಲು ಇಲ್ಲದೆ ಮೇಲಿನದು ಮಾತ್ರ ಇದ್ದರೆ ಅದರ ಮೇಲೆ ಕಣ್ಣಿಡಿ. ಎದುರು ತಾಗುವ ಹಲ್ಲಿಲ್ಲದ ಹಲ್ಲು ವರ್ಷ ಕಳೆದಂತೆ ಕೆಳಗಿಳಿಯುತ್ತದೆ. ಆಗ ಕೆನ್ನೆ ಕಚ್ಚಿಕೊಳ್ಳುವುದು, ಸಂದಿಯಲ್ಲಿ ಅನ್ನ ಸಿಕ್ಕಿಕೊಳ್ಳುವುದು, ಎದುರು ಒಸಡಿಗೆ ಗಾಯವಾಗುವುದು ಉಂಟು. ತೊಂದರೆ ಕೊಟ್ಟರೆ ತೆಗೆಸುವ ಮಾತು ಅಲ್ಲಿಂದ ಶುರುವಾಗಲಿ.
3. ಕ್ಲಿಪ್ ಬಿಚ್ಚಿಸಿದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು ವೈದ್ಯರು ಕೊಟ್ಟ ರಿಟೇನರ್ ಅನ್ನು ಹೇಳಿದಷ್ಟು ಕಾಲ ಹಾಕಿಕೊಳ್ಳಿ. ಬುದ್ಧಿಹಲ್ಲು ತಳ್ಳುವುದರಿಂದಲೇ ಕೆಳಗಿನ ಬಾಚಿಹಲ್ಲು ಒತ್ತೊತ್ತಾಗುತ್ತದೆ ಎಂಬುದು ಹಳೆಯ ನಂಬಿಕೆ. ಬುದ್ಧಿಹಲ್ಲು ಹುಟ್ಟಿಯೇ ಇಲ್ಲದವರಲ್ಲೂ ಪ್ರಾಯ ಕಳೆದಂತೆ ಬಾಚಿಹಲ್ಲು ಸೊಟ್ಟವಾಗುವುದು ಕಂಡುಬಂದಿದೆ.

ಮಾಡಬಾರದ್ದು:

1. ಒಂದು ಪಕ್ಕದಲ್ಲಿ ಇಲ್ಲವೆಂದು ಇನ್ನೊಂದು ಪಕ್ಕದ ಒಳ್ಳೆಯ ಹಲ್ಲನ್ನು ಸಮ ಮಾಡಲು ಕೀಳಿಸಬೇಡಿ. ರೋಗವಿಲ್ಲದ, ಒಳಗೆ ಸಿಕ್ಕಿಕೊಂಡ ಬುದ್ಧಿಹಲ್ಲನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ತೆಗೆಯುವ ವಾಡಿಕೆ ನಿಲ್ಲಬೇಕೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2000ದಲ್ಲೇ ಮಾರ್ಗಸೂಚಿ ಹೊರಡಿಸಿತು.
2. ನೋವಿಗೆ ಲವಂಗದೆಣ್ಣೆ ಸುರಿದು, ಒಸಡಿಗೆ ಕಡ್ಡಿಪುಡಿ ಒತ್ತಿ, ಔಷಧದಂಗಡಿಯಿಂದ ಚೀಟಿಯಿಲ್ಲದೆ ಆಂಟಿಬಯಾಟಿಕ್ ತಂದು ದಿನ ತಳ್ಳಬೇಡಿ. ಎಣ್ಣೆ ಒಸಡನ್ನು ಸುಡುತ್ತದೆ, ಕಡ್ಡಿಪುಡಿ ಕ್ಯಾನ್ಸರಿಗೆ ದಾರಿ, ಅರೆಬರೆ ಮಾತ್ರೆ ಕೀವನ್ನು ಒಳಗೇ ಉಳಿಸುತ್ತದೆ.

26ರಿಂದ 59 ವರ್ಷ: ಏಳನೆಯ ಹಲ್ಲೇ ಕೊನೆಯ ಹಲ್ಲು

ಮುಂದಿನಿಂದ ಎಣಿಸಿದರೆ ಬುದ್ಧಿಹಲ್ಲು ಎಂಟನೆಯದು. ಅದು ಇಲ್ಲದವರಿಗೆ ಏಳನೆಯ ಹಲ್ಲೇ, ಅಂದರೆ ಎರಡನೆಯ ದವಡೆಹಲ್ಲೇ ಸಾಲಿನ ಕೊನೆ. ಈ ಸೂಚನಾಪತ್ರದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ನಿಮಗೆ ಬದಲಿ ಹಲ್ಲಿಲ್ಲ. ಬುದ್ಧಿಹಲ್ಲು ಇದ್ದವರಿಗೆ ಮೊದಲ ದವಡೆಹಲ್ಲು ಹೋದಾಗ, ತಕ್ಕ ಸಂದರ್ಭದಲ್ಲಿ, ಅವರದೇ ಬುದ್ಧಿಹಲ್ಲನ್ನು ಆ ಗುಳಿಗೆ ಕಸಿ ಮಾಡಲು ಸಾಧ್ಯವಾಗುವುದುಂಟು. ನಿಮಗೆ ಆ ದಾರಿ ಇಲ್ಲ. ಏಳನೆಯದನ್ನು ಕಳೆದುಕೊಂಡರೆ ಬ್ರಿಡ್ಜ್ ಕಟ್ಟಲು ಹಿಂದೆ ಆಸರೆಯ ಹಲ್ಲಿರುವುದಿಲ್ಲ. ಇಂಪ್ಲಾಂಟ್ ಹಾಕಿಸಬೇಕು, ಇಲ್ಲವೇ ತೆಗೆದು ಹಾಕುವ ಹಲ್ಲಿಗೆ ಒಗ್ಗಿಕೊಳ್ಳಬೇಕು, ಅದೂ ಇಲ್ಲದಿದ್ದರೆ ಖಾಲಿ ಬಿಡಬೇಕು.

ಮಾಡಬೇಕಾದ್ದು:

1. ಏಳನೆಯ ಹಲ್ಲಿನ ಹಿಂಬದಿಯನ್ನು ದಿನಕ್ಕೆರಡು ಬಾರಿ ಉಜ್ಜಿ. ಬಾಯಿ ಪೂರ್ತಿ ತೆರೆದರೆ ಕೆನ್ನೆ ಬಿಗಿದು ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಬಾಯಿ ಅರ್ಧ ಮುಚ್ಚಿ, ಚಿಕ್ಕ ತಲೆಯ ಮೆತ್ತನೆ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಒಳಗೆ ಬಿಟ್ಟು, ತುದಿ ತಿರುಗಿಸಿ ಉಜ್ಜಿ. ಬುದ್ಧಿಹಲ್ಲು ಇಲ್ಲದ ನಿಮಗೆ ಆ ಜಾಗ ತೆರೆದಿದೆ. ಅದರ ಲಾಭ ಪಡೆಯಿರಿ.
2. ದವಡೆಹಲ್ಲಿನ ಹುಳುಕನ್ನು ಚಿಕ್ಕದಿರುವಾಗಲೇ ತುಂಬಿಸಿ. ನರಕ್ಕೆ ತಾಗಿದ್ದರೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿ. ಉಳಿಸಬಹುದಾದ ಹಲ್ಲನ್ನು ಉಳಿಸಿಕೊಡಿ ಎಂದು ವೈದ್ಯರನ್ನು ಕೇಳುವುದು ನಿಮ್ಮ ಹಕ್ಕು.
3. ಸಕ್ಕರೆ ಕಾಯಿಲೆ ಇದ್ದರೆ ಒಸಡನ್ನು ವರ್ಷಕ್ಕೊಮ್ಮೆಯಾದರೂ ತೋರಿಸಿ. ಹುಳುಕಿಲ್ಲದ ಹಲ್ಲೂ ಒಸಡಿನ ರೋಗದಿಂದ ಅಲುಗಾಡಿ ಹೋಗುತ್ತದೆ.
4. ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ, ಮೇಲಿನ ಹಿಂಬದಿ ಹಲ್ಲುಗಳ ಮೇಲೆ ನೋವಿದ್ದರೆ ಕಾರಣ ಹುಡುಕಿಸಿ. ಬುದ್ಧಿಹಲ್ಲು ಇಲ್ಲದವರಿಗೆ ಬರುವ ‘ಬುದ್ಧಿಹಲ್ಲಿನ ನೋವು’ ಬಹುಮಟ್ಟಿಗೆ ಏಳನೆಯ ಹಲ್ಲಿನ ಹುಳುಕು, ದವಡೆ ಕೀಲಿನ ತೊಂದರೆ ಅಥವಾ ಸೈನಸ್ಸಿನ ಸೋಂಕು.

ಮಾಡಬಾರದ್ದು:

1. ‘ಒಂದು ಹಲ್ಲು ಹೋದರೇನು’ ಎಂದು ದವಡೆಹಲ್ಲು ಕೀಳಿಸಬೇಡಿ. 28ರಿಂದ ಶುರುಮಾಡಿದವರಿಗೆ ಕಳೆದುಕೊಳ್ಳಲು ಉಳಿದವರಿಗಿಂತ ನಾಲ್ಕು ಕಡಿಮೆ.
2. ಅಡಿಕೆ, ಗುಟ್ಕಾ, ತಂಬಾಕು ಹಾಕಿಕೊಂಡ ಎಲೆಯನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಡಿ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು. ಆದರೂ ಬರೀ ಅಡಿಕೆಯೇ ಸಾಕು, ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯದಂತಾಗಲು. ಬುದ್ಧಿಹಲ್ಲಿಲ್ಲದವರ ಬಾಯಿ ಬಿಗಿಯುತ್ತಿದ್ದರೆ ಮೊದಲ ಸಂಶಯ ಇದರ ಮೇಲೇ ಬರಬೇಕು.

60 ದಾಟಿದವರು

ಈ ವಯಸ್ಸಿನಲ್ಲಿ ಹುಟ್ಟಿನಿಂದ ಇಲ್ಲದ ಹಲ್ಲಿಗೂ ಎಂದೋ ಕೀಳಿಸಿದ ಹಲ್ಲಿಗೂ ವ್ಯತ್ಯಾಸ ಹೇಳುವುದು ಕಷ್ಟ. ಕಿತ್ತ ಗುಳಿ ಮೂಳೆಯಿಂದ ತುಂಬಿ ಎಕ್ಸ್‌ರೇಯಲ್ಲೂ ಗುರುತು ಉಳಿದಿರುವುದಿಲ್ಲ. ನೆನಪೂ ಕೈಕೊಡುತ್ತದೆ. ಚಿಕಿತ್ಸೆಗೆ ಆ ವ್ಯತ್ಯಾಸ ಬೇಕಿಲ್ಲ. ಬೇಕಾದ್ದು ಒಂದೇ: ಒಳಗೆ ಏನೂ ಅಡಗಿಲ್ಲವೆಂಬ ಖಾತ್ರಿ.

ಮಾಡಬೇಕಾದ್ದು:

1. ಹಲ್ಲಿನ ಸೆಟ್ ಮಾಡಿಸುವ ಮೊದಲು ಒಪಿಜಿ ಬೇಕೇ ಎಂದು ವೈದ್ಯರನ್ನು ಕೇಳಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಕೃತಕ ದಂತಪಂಕ್ತಿ ಕೊಡಲು ಕರ್ನಾಟಕ ಸರ್ಕಾರ ತಂದ ದಂತ ಭಾಗ್ಯ ಯೋಜನೆಯಲ್ಲಿ ಸೆಟ್ ಪಡೆಯುವವರೂ ಈ ಪ್ರಶ್ನೆ ಕೇಳಲು ಸಂಕೋಚಪಡಬಾರದು.
2. ಸೆಟ್ಟಿನ ಅಡಿಯಲ್ಲಿ ಗಟ್ಟಿಯಾದದ್ದೇನೋ ಚುಚ್ಚಿದರೆ, ಹಿಂದೆ ಸರಿಯಾಗಿ ಕೂರುತ್ತಿದ್ದ ಸೆಟ್ ಒಂದು ಕಡೆ ಎದ್ದರೆ ತೋರಿಸಿ. ಮೂಳೆ ಸವೆದು, ವರ್ಷಗಟ್ಟಲೆ ಒಳಗಿದ್ದ ಬುದ್ಧಿಹಲ್ಲು ಮೇಲೆ ಕಾಣಿಸಿಕೊಂಡಿರಬಹುದು. ‘ಮುಪ್ಪಿನಲ್ಲಿ ಹೊಸ ಹಲ್ಲು ಹುಟ್ಟಿತು’ ಎನ್ನುವುದು ಬಹುಪಾಲು ಇದೇ.
3. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳಿಸುವ ಮೊದಲೇ ಚೀಟಿ ತೋರಿಸಿ.

ಮಾಡಬಾರದ್ದು:

1. ಚುಚ್ಚುವ ಸೆಟ್ಟನ್ನು ಮನೆಯಲ್ಲೇ ಅರದಿಂದ ಉಜ್ಜಬೇಡಿ, ಹತ್ತಿ ಇಟ್ಟು ಸಹಿಸಬೇಡಿ.
2. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ವಯಸ್ಸು ನಿರ್ಧರಿಸುವ ಅಧಿಕಾರಿಗಳಿಗೆ

ಜನನ ದಾಖಲೆಯಿಲ್ಲದ ಬಾಲಕಾರ್ಮಿಕರು, ಬಾಲ್ಯವಿವಾಹದಿಂದ ಬಿಡಿಸಿ ತಂದ ಹುಡುಗಿಯರು, ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದ ಹುಡುಗರು, ಇವರ ವಯಸ್ಸಿನ ಪ್ರಶ್ನೆ ಬಂದಾಗ ಬುದ್ಧಿಹಲ್ಲು ಸಾಕ್ಷಿಯಾಗುತ್ತದೆ. 16ರಿಂದ 20ರ ನಡುವೆ ಇನ್ನೂ ಬೆಳೆಯುತ್ತಿರುವ ಹಲ್ಲು ಅದೊಂದೇ. ಅದರ ಬೇರು ಎಷ್ಟು ಬೆಳೆದಿದೆ ಎಂಬುದರ ಮೇಲೆ ಅಂದಾಜು ಮಾಡುತ್ತಾರೆ. ಹಲ್ಲೇ ಇಲ್ಲದವರಲ್ಲಿ ಈ ಸಾಕ್ಷಿ ಇಲ್ಲ. ಇಲ್ಲಿ ಆಗುವ ತಪ್ಪು ಒಬ್ಬ ವ್ಯಕ್ತಿಯ ಬದುಕನ್ನೇ ತಿರುಗಿಸುತ್ತದೆ.

ಮಾಡಬೇಕಾದ್ದು:

1. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮು ಹೇಳುವ ಕ್ರಮವನ್ನೇ ಪಾಲಿಸಿ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ, ಇವು ಯಾವುವೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ ಅಥವಾ ಇತರ ವೈದ್ಯಕೀಯ ಪರೀಕ್ಷೆ.
2. ಬುದ್ಧಿಹಲ್ಲು ಬಾಯಲ್ಲಿಲ್ಲದಿದ್ದರೆ, ಅದು ಬೆಳೆಯುತ್ತಿದೆಯೋ, ಕಿತ್ತದ್ದೋ, ಹುಟ್ಟಿನಿಂದಲೇ ಇಲ್ಲವೋ ಎಂದು ವರದಿಯಲ್ಲಿ ಬಿಡಿಸಿ ಬರೆಯಲು ದಂತತಜ್ಞರಿಗೆ ಹೇಳಿ.

ಮಾಡಬಾರದ್ದು:

1. ‘ಬುದ್ಧಿಹಲ್ಲು ಬಂದಿಲ್ಲ, ಆದ್ದರಿಂದ 18 ತುಂಬಿಲ್ಲ’ ಎಂದು ಬರೆಯಬೇಡಿ. 50 ವರ್ಷದವರ ಬಾಯಲ್ಲೂ ಅದು ಇಲ್ಲದಿರಬಹುದು.
2. ‘ಬುದ್ಧಿಹಲ್ಲು ಬಂದಿದೆ, ಆದ್ದರಿಂದ 18 ತುಂಬಿದೆ’ ಎಂದೂ ಬರೆಯಬೇಡಿ. ಕೆಲವರಲ್ಲಿ 18ಕ್ಕೆ ಮೊದಲೇ ಬರುತ್ತದೆ.

ಸಮೀಕ್ಷೆ ಮಾಡುವ ದಂತವೈದ್ಯ ವಿದ್ಯಾರ್ಥಿಗಳಿಗೆ

ಮಾಡಬೇಕಾದ್ದು: ವಯೋಗುಂಪುಗಳನ್ನು ಬೇರೆ ಬೇರೆ ಇಟ್ಟು ಎಣಿಸಿ. ಪ್ರತಿಯೊಬ್ಬರಿಗೂ ಎಕ್ಸ್‌ರೇ ಆಧಾರವಿರಲಿ, ಹಲ್ಲು ಕೀಳಿಸಿದ ಇತಿಹಾಸವನ್ನು ಕೇಳಿ ಬರೆದುಕೊಳ್ಳಿ, ನಾಲ್ಕು ಹಲ್ಲುಗಳನ್ನೂ ಪ್ರತ್ಯೇಕವಾಗಿ ದಾಖಲಿಸಿ.

ಮಾಡಬಾರದ್ದು: 14 ದಾಟದ ಮಕ್ಕಳನ್ನು ‘ಹಲ್ಲಿಲ್ಲದವರು’ ಎಂಬ ಪಟ್ಟಿಗೆ ಸೇರಿಸಬೇಡಿ, ತಡವಾಗಿ ಮೂಡುವ ಹಲ್ಲುಗಳಿಂದ ಅಂಕಿ ಉಬ್ಬುತ್ತದೆ. ಕೀಳಿಸಿದ ವಿವರ ಗೊತ್ತಿಲ್ಲದ ವೃದ್ಧರನ್ನೂ ಸೇರಿಸಬೇಡಿ. ಕಿತ್ತ ಹಲ್ಲೆಲ್ಲ ಹುಟ್ಟಿನಿಂದ ಇಲ್ಲದ್ದಾಗಿ ಲೆಕ್ಕ ಕೆಡುತ್ತದೆ. ಈ ಎರಡೂ ತುದಿಯ ತಪ್ಪನ್ನು ಉಳಿಸಿಕೊಂಡು, ‘ಇಂದಿನ ಮಕ್ಕಳಿಗೆ ಬುದ್ಧಿಹಲ್ಲು ಕಡಿಮೆಯಾಗುತ್ತಿದೆ’ ಎಂಬ ತೀರ್ಮಾನಕ್ಕೆ ಹಾರಬೇಡಿ. ಚೀನಾದ ಲಾಂಟಿಯಾನ್ ಎಂಬಲ್ಲಿ ಸಿಕ್ಕ, ಲಕ್ಷಾಂತರ ವರ್ಷ ಹಿಂದಿನ ಹೋಮೋ ಎರೆಕ್ಟಸ್ ಎಂಬ ಆದಿಮಾನವನ ದವಡೆಯಲ್ಲೇ ಬುದ್ಧಿಹಲ್ಲು ಹುಟ್ಟಿರಲಿಲ್ಲ. ಮೆತ್ತಗಿನ ಊಟ ಮಾಡಿದ ಒಂದು ತಲೆಮಾರಿನ ಕತೆ ಇದಲ್ಲ.

ಮನೆ, ನೆಂಟಸ್ತಿಕೆ, ಮಾತು

ಮಾಡಬೇಕಾದ್ದು: ತಂದೆಗೋ ತಾಯಿಗೋ ಬುದ್ಧಿಹಲ್ಲು ಹುಟ್ಟಿನಿಂದ ಇಲ್ಲವೆಂದು ಖಚಿತವಾಗಿದ್ದರೆ ಮಕ್ಕಳ ದಂತವೈದ್ಯರಿಗೆ ಹೇಳಿ. ಇದು ಮನೆತನದಲ್ಲಿ ಹರಿದುಬರುವುದುಂಟು.

ಮಾಡಬಾರದ್ದು: ಹೆಣ್ಣು ನೋಡುವಾಗ, ಗಂಡು ನೋಡುವಾಗ ಇದನ್ನು ಕೊರತೆಯೆಂದು ಎಣಿಸಬೇಡಿ. ಇದು ರೋಗವಲ್ಲ, ಅಂಟುವುದಿಲ್ಲ, ಆಯಸ್ಸು ಕುಂದಿಸುವುದಿಲ್ಲ. ಅದೃಷ್ಟದ ಗುರುತೆಂದು ಹಿಗ್ಗಲೂಬೇಡಿ. ಆ ಹಿಗ್ಗಿನಲ್ಲಿ ಹಲ್ಲುಜ್ಜುವುದನ್ನು ಸಡಿಲಿಸುವವರೂ ಇದ್ದಾರೆ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

ಬುದ್ಧಿಹಲ್ಲು ಇರಲಿ, ಇಲ್ಲದಿರಲಿ, ಕೆಳಗಿನ ಯಾವುದೊಂದು ಕಂಡರೂ ಮನೆಮದ್ದಿಗೆ ಕೈಹಾಕಬೇಡಿ:

1. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ.
2. ನಿಮ್ಮದೇ ಮೂರು ಬೆರಳು ಹಿಡಿಸದಷ್ಟು ಬಾಯಿ ಬಿಗಿಯಾಗಿರುವುದು.
3. ದವಡೆಯ ಮೂಳೆ ನೋವಿಲ್ಲದೆ ಉಬ್ಬುತ್ತಿರುವುದು. ಒಳಗೆ ಸಿಕ್ಕಿಕೊಂಡ ಹಲ್ಲಿನ ಸುತ್ತ ನೀರುಗುಳ್ಳೆ ಬೆಳೆದಿರಬಹುದು.
4. ಕೆಳತುಟಿ ಅಥವಾ ಗದ್ದ ಜೋಮು ಹಿಡಿದಂತೆ ಮರಗಟ್ಟುವುದು.
5. ಜ್ವರದೊಂದಿಗೆ ಗಂಟಲಿನ ಕಡೆಗೆ ಹಬ್ಬುವ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ. ಇದಕ್ಕೆ ಕ್ಲಿನಿಕ್ ತೆರೆಯುವವರೆಗೂ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ಕಡತದಲ್ಲಿ ಇಡಬೇಕಾದ ಬರಹ

ಬುದ್ಧಿಹಲ್ಲು ಇಲ್ಲವೆಂದು ಖಚಿತವಾದ ದಿನ ದಂತವೈದ್ಯರಿಂದ ನಾಲ್ಕು ವಿಷಯ ಬರೆಸಿಕೊಳ್ಳಿ: 18, 28, 38, 48ರಲ್ಲಿ ಯಾವುದಿಲ್ಲ, ಹುಟ್ಟಿನಿಂದಲೇ ಇಲ್ಲವೋ ಕಿತ್ತದ್ದೋ, ಎಕ್ಸ್‌ರೇ ತೆಗೆದ ತಾರೀಖು, ಆಗ ನಿಮ್ಮ ವಯಸ್ಸು. ಎಕ್ಸ್‌ರೇಯ ಪ್ರತಿಯನ್ನು ಫೋನಿನಲ್ಲೂ ಉಳಿಸಿ, ಊರು ಬದಲಾದರೆ ಜೊತೆಗೆ ಒಯ್ಯಿರಿ. ಈ ಒಂದು ಹಾಳೆ ಇದ್ದರೆ ಮುಂದಿನ ವೈದ್ಯರು ಮತ್ತೆ ಎಕ್ಸ್‌ರೇ ಬರೆಯಬೇಕಿಲ್ಲ, ಇಲ್ಲದ ಹಲ್ಲನ್ನು ನೋವಿಗೆ ಹೊಣೆ ಮಾಡಬೇಕಿಲ್ಲ, ನಿಮ್ಮ ಏಳನೆಯ ಹಲ್ಲನ್ನು ಕೀಳುವ ಮೊದಲು ಅವರು ಎರಡು ಸಲ ಯೋಚಿಸುತ್ತಾರೆ. ಮುಂದಿನ ಸಲ ದಂತವೈದ್ಯರ ಬಳಿ ಹೋದಾಗ ಮರೆಯದೆ ಬರೆಸಿಕೊಳ್ಳಿ.